ಹುಡುಕಲು ಒಪ್ಪಿಗೆ ಇಲ್ಲ, ಸರ್

ಹ್ಯಾಚರ್ಸ್ ಫೋರ್ಡ್, ಜಾರ್ಜಿಯಾ
12 ಮೇ 1997

ಪ್ರೀತಿಯ ಮದರ್ ಗೇನ್ಸ್ ಅವರಿಗೆ,

ನಿಮ್ಮ ವಿಳಾಸವನ್ನು ಲರ್ಲೀನ್ ಅಕ್ಕನ ಹತ್ತಿರ ಕಾಡಿ ಬೇಡಿ ತೆಗೆದುಕೊಂಡೆ. ಸುಲಭಕ್ಕೆ ಕೊಡಲಿಲ್ಲ. "ಯಾರಿಗೂ ಕೊಡ್ಬೇಡ ಅಂದಿದ್ದಾರೆ ಕಣೇ ವರ್ನೆಲ್. ನಿನ್ ಹೆಸ್ರಂತೂ ಮೊದ್ಲೇ ಹೇಳಿದ್ರು" ಎಂದರು. ಚುಚ್ಚಲಿ ಎಂದೇ ಹೇಳಿದರೋ ಏನೋ, ಚುಚ್ಚಿತು.

ಒಂದು ಮಾತೂ ಹೇಳದೆ ಮಗನ ಮನೆಗೆಂದು ಕ್ಲೀವ್‌ಲ್ಯಾಂಡಿಗೆ ಹೊರಟುಹೋದಿರಿ. ಈ ತಿಂಗಳ ಮೊದಲ ಭಾನುವಾರ, ಚರ್ಚು ಮದರ್ ಎಂದು ಕರೆಯುವ ನಿಮ್ಮಂಥ ಹಿರಿಯ ಹೆಂಗಸರೆಲ್ಲ ಎಂದಿನಂತೆ ಬಿಳಿ ಉಡುಪು, ಬಿಳಿ ಟೋಪಿ, ಬಿಳಿ ಕೈಗವಸು ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಮೂಲೆಯ ನಿಮ್ಮ ಜಾಗಕ್ಕೆ ಯಾರೂ ಸರಿಯಲಿಲ್ಲ. ಪಾಸ್ಟರ್ ಪ್ರಾರ್ಥನೆಯ ನಡುವೆ ಆ ಕಡೆ ನೋಡಿ ಮಾತು ಮರೆತರು. ನಾನು ಬಾಗಿಲಲ್ಲಿ ಬೀಸಣಿಗೆ ಹಂಚುತ್ತಾ ನಿಂತಿದ್ದೆ. ಯಾರಾದರೂ ನನ್ನತ್ತ ತಿರುಗಿಯಾರು ಎಂದು ನೆಲ ನೋಡುತ್ತಿದ್ದೆ.

ಅಮ್ಮಾ, ಪಕ್ಕದೂರಿನ ಚರ್ಚಿನ ವಾರ್ಷಿಕೋತ್ಸವದಿಂದ ನಿಮ್ಮನ್ನೆಲ್ಲ ನಮ್ಮ ಚರ್ಚಿನ ವ್ಯಾನಿನಲ್ಲಿ ಕರೆತರುವಾಗ ಆ ದಿನ ನಾನು ಮಾಡಿದ್ದನ್ನು ನಾನೇ ಬರೆಯುತ್ತೇನೆ. ನೀವು ವ್ಯಾನಿನಲ್ಲೇ ಇದ್ದಿರಿ ನಿಜ, ಆದರೆ ಹಿಂದೆ ಪೊಲೀಸ್ ಕಾರಿನ ಹತ್ತಿರ ನಡೆದದ್ದು ನಿಮಗೆ ಕೇಳಿಸಿರಲಿಕ್ಕಿಲ್ಲ, ವ್ಯಾನಿನ ಒಳಗಿನದು ನನಗೆ ಕೇಳಿಸದ ಹಾಗೆ. ಆ ಹುಡುಗ ಪೊಲೀಸ್ ನನ್ನ ಲೈಸೆನ್ಸ್ ನೋಡಿದ, ಬಿಳಿ ಗೆರೆ ತುಳಿದೆ ಎಂದ, ಎಚ್ಚರಿಕೆ ಕೊಟ್ಟು ಲೈಸೆನ್ಸ್ ಕೈಗಿಟ್ಟ. ಮುಗಿಯಿತೆಂದು ನಾನು ತಿರುಗಿದ್ದೆ. ಆಗ ಅವನು, "ಹೋಗೋ ಮುಂಚೆ ಇನ್ನೊಂದೇ ಮಾತು. ಗಾಡೀಲಿ ಇರಬಾರದ್ದು ಏನೂ ಇಲ್ಲ ತಾನೆ? ಹಾಗಿದ್ರೆ ಒಂದ್ಸಲ ನೋಡ್ಲಾ?" ಎಂದ. ಪಕ್ಕದ ಮನೆಯವನು ಏಣಿ ಕೇಳಿದಷ್ಟು ನಯವಾಗಿ ಕೇಳಿದ.

ಮಾರ್ಚ್ ತಿಂಗಳಲ್ಲಿ ಬೈಬಲ್ ಪಾಠ ಮುಗಿದ ಮೇಲೆ ವಕೀಲ ಬಾಯ್ಕಿನ್ ಚರ್ಚಿನ ನೆಲಮಾಳಿಗೆಗೆ ಬಂದು ನಮಗೆಲ್ಲ ಒಂದು ವಾಕ್ಯ ಹೇಳಿಕೊಟ್ಟಿದ್ದರಲ್ಲ, ಅದು ನಾಲಿಗೆಗೆ ಬಂತು. "ಗಾಡಿ ಹುಡುಕೋಕೆ ನನ್ ಒಪ್ಪಿಗೆ ಇಲ್ಲ, ಸರ್." ಅಂದು ನಾವೆಲ್ಲ ಕೋರಸ್ಸಿನಲ್ಲಿ ಹೇಳಿ ನಕ್ಕಿದ್ದೆವು. ಎಲ್ಲರಿಗಿಂತ ಜೋರಾಗಿ ಹೇಳಿದ್ದು ನೀವೇ. ರಸ್ತೆ ಬದಿಯಲ್ಲಿ ಒಬ್ಬಳೇ ಹೇಳುವಾಗ ನನ್ನ ದನಿ ಇಲಿಯ ದನಿಯಾಗಿತ್ತು.

ಅವನ ಮುಖದ ನಗು ಹೋಯಿತು. "ಸರಿ. ಹಾಗಾದ್ರೆ ಮೂಸೋ ನಾಯಿ ಬರ್ಲಿ" ಎಂದ. ಕಾಯಿಸಿದ, ಕಾಯಿಸಿದ. ಸ್ವಲ್ಪ ಹೊತ್ತಿಗೆ ನೀವು ಕಿಟಕಿಯಿಂದ ಕೂಗಿದಿರಿ, "ವರ್ನೆಲ್, ತೋರ್ಸಿಬಿಡೇ ಮಗಳೇ!" ನನಗೆ ಕೇಳಿಸಿತು. ನೀವು ಹೆದರಿದ್ದೀರಿ ಎಂದುಕೊಂಡೆ. ಕೇಳಿಸಿಯೂ ತೋರಿಸಲಿಲ್ಲ. ಆಮೇಲೆ ನೀವು ವ್ಯಾನಿನಿಂದ ಇಳಿದಿರಿ. ನಾನು ಓಡಿ ಬಂದು ನನ್ನ ನೀಲಿ ಕೋಟು ಬಿಚ್ಚಿ ನಿಮ್ಮ ಸೊಂಟಕ್ಕೆ ಸುತ್ತಿದೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನಾನು "ನೋಡಿಕೊಳ್ಳಿ" ಎಂದಿದ್ದರೆ ಅರೆಗಳಿಗೆಯಲ್ಲಿ ಮನೆ ದಾರಿ ಹಿಡಿಯುತ್ತಿದ್ದೆವು. ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಲಾ ಎಂದು ನಿಮ್ಮನ್ನು ಕೇಳಿದ್ದೆ, ಬೇಡ ಎಂದಿರಿ. ಇನ್ನೊಂದು ಸಲ ಕೇಳಬೇಕಿತ್ತು. ನನಗೆ ನಾಚಿಕೆಯಾಗುತ್ತಿದೆ ಅಮ್ಮಾ. ಕ್ಷಮಿಸಿ.

ನಿಮ್ಮ
ವರ್ನೆಲ್ ಪೂಲ್

* * *

ಕ್ಲೀವ್‌ಲ್ಯಾಂಡ್, ಒಹಾಯೊ
27 ಮೇ 1997

ವರ್ನೆಲ್,

ನಿನ್ನ ಕಾಗದ ಬಂತು. ಅಕ್ಷರ ಚೆನ್ನಾಗಿದೆ. ಭಾನುವಾರದ ಶಾಲೆಯಲ್ಲಿ ನಿನಗೆ ಅಕ್ಷರ ತಿದ್ದಿಸಿದ್ದು ದಂಡವಾಗಲಿಲ್ಲ.

ನಾನು ಇಲ್ಲಿಗೆ ಬಂದದ್ದು ಮೊಣಕಾಲಿನ ನೋವಿಗೆ. ಇಲ್ಲಿ ಒಳ್ಳೆಯ ವೈದ್ಯರಿದ್ದಾರೆ ಎಂದು ಮಗ ರೂಬೆನ್ ವರ್ಷಗಳಿಂದ ಕರೆಯುತ್ತಿದ್ದ. ನೀನು ಯಾವ ದಿನದ ಮಾತು ಬರೆದಿದ್ದೀಯೋ ನನಗೆ ಸರಿಯಾಗಿ ನೆನಪಿಲ್ಲ. ಪೊಲೀಸ್ ನಿಲ್ಲಿಸಿದ, ಬಿಟ್ಟ. ಅಷ್ಟೇ ತಾನೆ? ಅದಕ್ಕೆ ಇಷ್ಟುದ್ದ ಕಾಗದ ಯಾಕೆ?

ಸೊಸೆ ಒಳ್ಳೆಯವಳು. ಕಾಲರ್ಡ್ ಸೊಪ್ಪನ್ನು ಹಂದಿಮಾಂಸದ ಒಂದು ಚೂರೂ ಹಾಕದೆ ಬೇಯಿಸುತ್ತಾಳೆ. ಆರೋಗ್ಯಕ್ಕಂತೆ. ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ನಾನು ಉಪ್ಪು ಹಾಕಿಕೊಂಡು ಸುಮ್ಮನೆ ನುಂಗುತ್ತೇನೆ.

ಇಲ್ಲಿನ ಚರ್ಚು ದೊಡ್ಡದು. ಹಿಂದಿನ ಸಾಲಿನಲ್ಲಿ ಬಾಗಿಲ ಪಕ್ಕ ಕೂರುತ್ತೇನೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಕಪ್ಪು ಬಟ್ಟೆ ತೊಡುತ್ತೇನೆ. ವಯಸ್ಸಾದವರಿಗೆ ಅದೇ ಲಕ್ಷಣ. ಭಾನುವಾರ ಬೆಳಗ್ಗೆ ಕಾಫಿ ಕುಡಿಯುವುದನ್ನು ಬಿಟ್ಟಿದ್ದೇನೆ, ರಕ್ತದೊತ್ತಡಕ್ಕೆ ಒಳ್ಳೆಯದಂತೆ.

ನನ್ನ ಮನೆಯ ಬೀರುವಿನಲ್ಲಿ ಬಿಳಿ ಟೋಪಿಗಳಿವೆ, ಅದರ ಬೀಗದ ಕೈ ಲರ್ಲೀನ್ ಹತ್ತಿರ ಇದೆ. ಬೇಕಾದವರಿಗೆ ಕೊಡಿ. ಬಿಳಿ ಉಡುಪನ್ನು ನಾನು ಬರುವ ಮುಂಚೆ ಕಸದ ಡಬ್ಬಿಗೆ ಹಾಕಿದ್ದೇನೆ. ಅದನ್ನು ಯಾರೂ ಹುಡುಕಬೇಕಾಗಿಲ್ಲ. ನಿನ್ನ ಕೋಟನ್ನು ನಾನು ಹಿಂದಿರುಗಿಸಲಿಲ್ಲ, ತಪ್ಪು ತಿಳಿಯಬೇಡ. ಹೊಸದು ಕೊಂಡುಕೋ.

ನಿನ್ನ ಗಂಡನಿಗೆ ಕೆಮ್ಮು ಕಡಿಮೆಯಾಯಿತೇ?

ಜಿಪೋರಾ ಗೇನ್ಸ್

* * *

ಹ್ಯಾಚರ್ಸ್ ಫೋರ್ಡ್
20 ಜೂನ್ 1997

ಪ್ರೀತಿಯ ಮದರ್ ಗೇನ್ಸ್ ಅವರಿಗೆ,

ಕಾಗದದ ಕೊನೆಯಲ್ಲಿ ಬರೀ ಹೆಸರು ಹಾಕಿದ್ದೀರಿ. ಹಿಂದೆಲ್ಲ ಹುಟ್ಟುಹಬ್ಬದ ಕಾರ್ಡಿನಲ್ಲೂ "ನಿನ್ನ ಮದರ್" ಎಂದಿರುತ್ತಿತ್ತು. ಕೋಪ ಇಳಿದಿಲ್ಲ ಎಂದು ಗೊತ್ತಾಯಿತು. ಇಳಿಯಬೇಕೆಂದು ಕೇಳುವ ಮುಖ ನನಗಿಲ್ಲ.

ಗಂಡನ ಕೆಮ್ಮು ಕಡಿಮೆಯಾಗಿದೆ. ನಿಮ್ಮ ಮನೆಗೆ ವಾರಕ್ಕೊಮ್ಮೆ ಹೋಗಿ ಕಿಟಕಿ ತೆರೆದು ಗಿಡಗಳಿಗೆ ನೀರು ಹಾಕಿ ಬರುತ್ತೇನೆ. ಟೋಪಿಗಳನ್ನು ಯಾರಿಗೂ ಕೊಟ್ಟಿಲ್ಲ. ಲರ್ಲೀನ್ ಅಕ್ಕ ಬೀಗದ ಕೈಯನ್ನು ಪ್ರಾಣದಷ್ಟು ಭದ್ರವಾಗಿ ಇಟ್ಟುಕೊಂಡಿದ್ದಾರೆ.

ನಿಮಗೆ ನಗು ಬರಲಿ ಎಂದು ಒಂದು ವಿಷಯ ಬರೆಯುತ್ತೇನೆ. ಆ ದಿನ ಬಂದ ನಾಯಿ ನೆನಪಿದೆಯಲ್ಲ? ನೀವಾಗ ಕಣ್ಣು ಮುಚ್ಚಿ ಕೂತಿದ್ದಿರಿ, ನೋಡಿರಲಿಕ್ಕಿಲ್ಲ. ಅದು ಗಾಡಿಯ ಸುತ್ತ ಮೂಸಿ ಮೂಸಿ ಹಿಂದಿನ ಬಾಗಿಲ ಮುಂದೆ ಕುಂಡೆ ಊರಿತು. ನಾಯಿ ಕೂತಿತೆಂದರೆ ಏನೋ ಸಿಕ್ಕಿದೆ ಎಂದು ಅರ್ಥವಂತೆ. ಆ ಹುಡುಗನ ಮುಖ ಹಿಗ್ಗಿ ಹೀರೇಕಾಯಿಯಾಯಿತು. ಬಾಗಿಲು ತೆಗೆದು ನೋಡಿದರೆ, ವಾರ್ಷಿಕೋತ್ಸವದ ಊಟದ ಮೇಲೆ ಆ ಚರ್ಚಿನವರು ನಮಗೆ ಕಟ್ಟಿಕೊಟ್ಟ ಕರಿದ ಕೋಳಿ! ಆದರೂ ಬಿಡಲಿಲ್ಲ. ಹಾಡಿನ ಪುಸ್ತಕಗಳನ್ನು ಒಂದೊಂದೇ ಒದರಿದ. ಕ್ಲೋಟಿ ಅಕ್ಕನ ಸಿಹಿಗೆಣಸಿನ ಪೈ ಒಳಗೆ ಬೆರಳು ಹಾಕಿ ನೋಡಿದ. ಅಕ್ಕನಿಗೆ ಇವತ್ತಿಗೂ ಬೇರೆಲ್ಲಕ್ಕಿಂತ ಆ ಪೈ ಮೇಲೆಯೇ ಸಂಕಟ.

ಒಂದು ಸಣ್ಣ ವಿಷಯ. ಹೊರಡುವಾಗ ಆ ಹುಡುಗ ನನ್ನ ಕೈಗೆ ಒಂದು ಚೀಟಿ ಕೊಟ್ಟಿದ್ದ. ಆಗಸ್ಟಿನಲ್ಲಿ ಒಂದು ದಿನ ನ್ಯಾಯಾಧೀಶರ ಮುಂದೆ ಹೋಗಿ ಬರಬೇಕಂತೆ. ಏನೂ ಇಲ್ಲ, ಬರೀ ನಿಯಮಕ್ಕೆ. ಈ ಬೇಸಿಗೆ ಶಾಲೆಯವರು ನನಗೆ ಓಡಿಸಲು ಬಸ್ ಕೊಟ್ಟಿಲ್ಲ, ಹಾಗಾಗಿ ಒಳ್ಳೆ ವಿಶ್ರಾಂತಿ. ಚರ್ಚಿನ ವ್ಯಾನಿನ ಕೀಲಿಯನ್ನೂ ಡೀಕನ್ ರೂಫಸ್ ತೆಗೆದುಕೊಂಡಿದ್ದಾರೆ. "ನೀನೂ ಸ್ವಲ್ಪ ದಿನ ಆರಾಮಾಗಿರಮ್ಮ" ಎಂದರು.

ಅವರ ತಮಾಷೆಯೂ ಜಾಸ್ತಿಯಾಗಿದೆ. ಹೋದ ಭಾನುವಾರ ಊಟದ ಹೊತ್ತಿಗೆ ನಾನು ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು ಬಡಿಸುತ್ತಿದ್ದೆ. "ಹುಷಾರಪ್ಪಾ, ವರ್ನೆಲ್ ಒಪ್ಪಿಗೆ ಇಲ್ದೆ ಪಾತ್ರೆ ಒಳಗೆ ಇಣುಕ್ಬೇಡಿ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಒಂದು ಸಾಲಾದರೂ ಬರೆಯಿರಿ. ಬೈದರೂ ಸರಿ.

ನಿಮ್ಮ
ವರ್ನೆಲ್

* * *

ಕ್ಲೀವ್‌ಲ್ಯಾಂಡ್
6 ಜುಲೈ 1997

ವರ್ನೆಲ್,

ಬೈದರೂ ಸರಿ ಎಂದೆಯಲ್ಲ, ತಗೋ.

ನಿನ್ನೆ ಲರ್ಲೀನ್ ಫೋನ್ ಮಾಡಿದ್ದಳು. ಟೋಪಿಯ ಮಾತು, ಮಳೆಯ ಮಾತು, ಯಾರಿಗೋ ಕೂಸು ಹುಟ್ಟಿದ ಮಾತು. ಕೊನೆಗೆ ಬಾಯಿ ಜಾರಿ, "ಪಾಪ, ವರ್ನೆಲ್ ಕೆಲ್ಸ ಹೋಗುತ್ತೆ ಅಂತ ಕಾಣುತ್ತೆ" ಎಂದಳು. ಏನು ಎಂದು ಕೇಳಿದರೆ, "ಅಯ್ಯೋ ಏನಿಲ್ಲ ಮದರ್, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಫೋನ್ ಇಟ್ಟಳು. ಲರ್ಲೀನ್ ಹಾಲು ಕುಡಿಯುವುದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

ಸಣ್ಣ ವಿಷಯ, ನಿಯಮಕ್ಕೆ, ವಿಶ್ರಾಂತಿ! ನೀನು ನನ್ನ ಮಡಿಲಲ್ಲಿ ಕೂತು ಬೈಬಲ್ ಕಥೆ ಕೇಳಿದವಳು. ನಿನಗೆ ಸುಳ್ಳು ಹೇಳಲು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಇಡೀ ಊರಿನ ಮಕ್ಕಳನ್ನು ಒಂದು ಗೀರೂ ಬೀಳದ ಹಾಗೆ ಶಾಲೆಗೆ ಮುಟ್ಟಿಸಿ ತಂದವಳಿಗೆ ಬಸ್ ಯಾಕೆ ಕೊಡಲಿಲ್ಲ? ಆ ಚೀಟಿಯಲ್ಲಿ ಏನು ಬರೆದಿದೆ? ಇದ್ದದ್ದು ಇದ್ದ ಹಾಗೆ ಬರೆ.

ಇದರಲ್ಲಿ ನಾನು ಮಾಡುವಂಥದ್ದು ಏನೂ ಇಲ್ಲ. ನನಗೆ ಏನೂ ನೆನಪಿಲ್ಲವೆಂದು ಆಗಲೇ ಹೇಳಿದ್ದೇನೆ. ತಿಳಿದುಕೊಳ್ಳಬೇಕು, ಅಷ್ಟೇ.

ಜಿ. ಗೇನ್ಸ್

* * *

ಹ್ಯಾಚರ್ಸ್ ಫೋರ್ಡ್
15 ಜುಲೈ 1997

ಪ್ರೀತಿಯ ಮದರ್ ಗೇನ್ಸ್ ಅವರಿಗೆ,

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಆದರೆ ಓದಿ ಮುಗಿಸಿದ ಮೇಲೆ ನೀವು ಏನನ್ನೂ ಮಾಡಬಾರದು. ನೀವು ಹಾಗೆಂದು ಮಾತು ಕೊಟ್ಟಿದ್ದೀರಿ ಎಂದುಕೊಂಡೇ ಬರೆಯಲು ಕೂತಿದ್ದೇನೆ.

ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಮಾಡಿದಳು ಎಂದು ನನ್ನ ಮೇಲೆ ಕೇಸು ಇದೆ. ತಪ್ಪು ಎಂದಾದರೆ ಶಾಲೆಯವರು ಬಸ್ ಓಡಿಸಲು ಬಿಡುವುದಿಲ್ಲ. ಎಂದೆಂದಿಗೂ. ನನಗೆ ಬೇರೆ ಯಾವ ಕೆಲಸ ಗೊತ್ತು ಅಮ್ಮಾ? ಬೆಳಗ್ಗೆ ಮೊದಲ ನಿಲ್ದಾಣದಲ್ಲಿ ಪುಟ್ಟ ಮಕ್ಕಳು ಹತ್ತುವಾಗ "ಗುಡ್ ಮಾರ್ನಿಂಗ್ ಮಿಸ್ ವರ್ನೆಲ್" ಎನ್ನುತ್ತವಲ್ಲ, ಅದು ಬಿಟ್ಟರೆ ನನ್ನನ್ನು ಮಿಸ್ ಎನ್ನುವವರು ಈ ಊರಿನಲ್ಲಿ ಇನ್ಯಾರೂ ಇಲ್ಲ.

ವಕೀಲ ಬಾಯ್ಕಿನ್ ಅವರೇ ಕೇಸು ನಡೆಸುತ್ತಿದ್ದಾರೆ. ನಾನು ಅವರನ್ನು ಕೇಳಿದೆ, "ಬೇಡ ಅನ್ನಬಹುದು ಅಂತ ಹೇಳ್ಕೊಟ್ಟವರು ನೀವೇ ಅಲ್ವಾ? ಮತ್ತೆ ಇದೇನು?" ಅವರು ಕನ್ನಡಕ ತೆಗೆದು ಒರೆಸಿದರು. "ಬೇಡ ಅಂದಿದ್ದು ತಪ್ಪಲ್ಲಮ್ಮ. ಅದು ಅವರಿಗೂ ಗೊತ್ತು. ಅದಕ್ಕೇ ಅದನ್ನ ಬರೆದೇ ಇಲ್ಲ" ಎಂದರು. ಬರೆದಿರುವುದು ಬೇರೆ. ಗಾಡಿಯಿಂದ ಯಾರೂ ಇಳಿಯಬಾರದೆಂದು ಆ ಹುಡುಗ ಆಜ್ಞೆ ಮಾಡಿದ್ದನಂತೆ. ನಾನು ಕೈಸನ್ನೆ ಮಾಡಿ ಒಳಗಿದ್ದವರನ್ನು ಇಳಿಸಿದೆನಂತೆ. ಒಂಟಿ ಪೊಲೀಸನನ್ನು ಸುತ್ತುವರಿಯಲಿ ಎಂದು! ಇಳಿದವರು ನೀವೊಬ್ಬರೇ. ಕೋಲು ಊರಿಕೊಂಡು ಇಳಿದಿರಿ.

"ಯಾಕೆ ಇಳಿದ್ರು ಅಂತ ಇಳಿದವರೇ ಹೇಳ್ಬೇಕು" ಎಂದು ವಕೀಲರು ಹೇಳುತ್ತಾರೆ. ವ್ಯಾನಿನಲ್ಲಿದ್ದ ಲರ್ಲೀನ್ ಅಕ್ಕನನ್ನೂ ಕ್ಲೋಟಿ ಅಕ್ಕನನ್ನೂ ಕೂರಿಸಿಕೊಂಡು ಕೇಳಿದರು. ಲರ್ಲೀನ್ ಅಕ್ಕ, "ಸೆಖೆ ಆಗ್ತಿತ್ತು, ಗಾಳಿಗೆ ಇಳಿದಿರ್ಬೇಕು" ಎಂದರು. ಕ್ಲೋಟಿ ಅಕ್ಕ, "ನಾನು ಪ್ರಾರ್ಥನೆ ಮಾಡ್ತಾ ಇದ್ದೆ, ಏನೂ ನೋಡ್ಲಿಲ್ಲ" ಎಂದರು. ವಕೀಲರು ಎಷ್ಟು ಕೇಳಿದರೂ ಅದೇ. ಹೊರಗೆ ಬಂದ ಮೇಲೆ ಇಬ್ಬರೂ ನನ್ನ ಕೈ ಹಿಡಿದುಕೊಂಡು ಅತ್ತರು. "ಮದರ್ ಮಾನ ತೆಗೆಯೋಕೆ ಬಾಯಿ ಬರಲ್ಲ ಕಣೇ" ಎಂದರು. ನನಗೆ ಸಿಟ್ಟು ಬರಲಿಲ್ಲ. ನನ್ನನ್ನು ಕೇಳಿದಾಗ ನಾನೂ ಅದನ್ನೇ ಹೇಳಿದ್ದೆ. ಗಾಳಿಗೆ ಇಳಿದಿರಬೇಕು ಎಂದಿದ್ದೆ.

ನಮ್ಮ ಚರ್ಚಿನಲ್ಲಿ ಆ ದಿನ ನಿಮಗಾದದ್ದರ ಬಗ್ಗೆ ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಗೊತ್ತಿರುವವರೆಲ್ಲ ಗೊತ್ತಿಲ್ಲದಂತಿದ್ದಾರೆ. ನಿಮ್ಮ ಮೇಲಿನ ಪ್ರೀತಿಗೆ ಎಲ್ಲರೂ ಸೇರಿ ಅದನ್ನು ಮುಚ್ಚಿದ್ದೇವೆ.

ಕೇಸು ಆಗಸ್ಟ್ ಹದಿನಾಲ್ಕು, ಗುರುವಾರ. ನಾನು ನಿಮ್ಮನ್ನು ಬನ್ನಿ ಎಂದು ಕರೆಯುತ್ತಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ. ನನ್ನ ಬಸ್ಸಿಗಾಗಿ ನಿಮ್ಮನ್ನು ಆ ಕಟಕಟೆಯಲ್ಲಿ ನಿಲ್ಲಿಸಿ, ಆ ಜನರ ಮುಂದೆ ಅದನ್ನು ಹೇಳಿಸುವುದೇ? ಒಮ್ಮೆ ರಸ್ತೆಯಲ್ಲಿ ಆಗಿದ್ದು ಸಾಲದೇ?

ನಿಮ್ಮ
ವರ್ನೆಲ್

* * *

ಹ್ಯಾಚರ್ಸ್ ಫೋರ್ಡ್
3 ಆಗಸ್ಟ್ 1997

ಪ್ರೀತಿಯ ಮದರ್ ಗೇನ್ಸ್ ಅವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಬರಬಾರದೆಂದೇ ಬರೆದಿದ್ದೆ, ಆದರೂ ದಿನಾ ಅಂಚೆ ಡಬ್ಬಿ ತೆರೆದು ನೋಡಿದೆ. ನನ್ನ ಬುದ್ಧಿಯೇ ಹೀಗೆ. ಇದಕ್ಕೂ ಉತ್ತರ ಬೇಡ. ಯಾರಿಗೂ ಹೇಳಲಾಗದ್ದನ್ನು ಒಬ್ಬರಿಗೆ ಹೇಳಬೇಕಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಎಸೆದ ಬಿಳಿ ಉಡುಪು ನನ್ನ ಹತ್ತಿರ ಇದೆ. ನೀವು ಹೋದ ಮರುದಿನವೇ ನಿಮ್ಮ ಮನೆಯ ಹಿಂದಿನ ಕಸದ ಡಬ್ಬಿಯಿಂದ ತೆಗೆದೆ. ನೀಲಿ ಹಾಕಿ ಒಗೆದು, ಗಂಜಿ ಹಾಕಿ, ನೀವು ಹೇಳಿಕೊಟ್ಟ ಹಾಗೆ ಒಳಗಡೆಯಿಂದ ಇಸ್ತ್ರಿ ಮಾಡಿದೆ. ಈಗ ಅದರ ಮೇಲೆ ಏನೂ ಇಲ್ಲ. ಹೊಸದರ ಹಾಗೆಯೇ ಇದೆ. ನಿಮಗೆ ಕಳಿಸುವ ಧೈರ್ಯವಿಲ್ಲ, ಬಿಸಾಡುವ ಮನಸ್ಸೂ ಇಲ್ಲ. ಕವರಿನಲ್ಲಿ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ.

ಹೋದ ಮಂಗಳವಾರ ಕೋಳಿಮಾಂಸದ ಕಾರ್ಖಾನೆಯಲ್ಲಿ ಕೆಲಸ ಕೇಳಲು ಹೋಗಿದ್ದೆ. ಬರುವಾಗ ಹಿಂದೆ ನೀಲಿ ದೀಪ ಕಾಣಿಸಿತು. ಬೇರೆ ಪೊಲೀಸ್, ವಯಸ್ಸಾದವನು. ಹಿಂದಿನ ದೀಪ ಉರಿಯುತ್ತಿಲ್ಲ ಎಂದ. ಲೈಸೆನ್ಸ್ ಹಿಂದಿರುಗಿಸಿದ. ಆಮೇಲೆ ಅದೇ ಮಾತು, ಅದೇ ನಯ. "ಇನ್ನೊಂದೇ ವಿಷಯ ಮೇಡಂ..."

ಅವನ ಮಾತು ಮುಗಿಯಲೂ ಇಲ್ಲ ಅಮ್ಮಾ. ನಾನು ಆಗಲೇ ಇಳಿದು ಡಿಕ್ಕಿ ತೆರೆದಿದ್ದೆ. "ನೋಡ್ಕೊಳ್ಳಿ ಸರ್, ಏನು ಬೇಕಾದ್ರೂ ನೋಡ್ಕೊಳ್ಳಿ" ಎಂದೆ. ಕೇಳದಿದ್ದರೂ ಸೀಟಿನ ಕೆಳಗಿನ ಚಾಪೆ ಎತ್ತಿ ತೋರಿಸಿದೆ. ನನ್ನ ಕೈಚೀಲವನ್ನು ನಾನೇ ಕಾರಿನ ಮೇಲೆ ಸುರಿದೆ. ಅವನಿಗೇ ಮುಜುಗರವಾಯಿತೇನೋ, "ಸಾಕು ಸಾಕು" ಎಂದ. ಕವರು ಬಿಚ್ಚಿ ನಿಮ್ಮ ಉಡುಪನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನು, ಮದುವೆನಾ?" ಎಂದ. "ಹೌದು ಸರ್" ಎಂದೆ. ನಕ್ಕೆ ಕೂಡ.

ಆ ನಗು ನೆನೆಸಿಕೊಂಡರೆ ಮೈಯೆಲ್ಲ ಕುಗ್ಗುತ್ತದೆ. ಅವತ್ತು "ಬೇಡ" ಎಂದು ನಿಮ್ಮ ಮಾನ ಕಳೆದೆ, ಈಗ "ಹೂಂ" ಎಂದು ನನ್ನದೂ ಕಳೆದುಕೊಂಡೆ. ಗಂಡನಿಗೆ ಹೇಳಿಲ್ಲ. "ಒಳ್ಳೇದಾಯ್ತು ಬಿಡು, ಬುದ್ಧಿ ಬಂತು" ಎಂದುಬಿಟ್ಟರೆ ಎಂಬ ಭಯ.

ಹದಿನಾಲ್ಕರಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ. ವಕೀಲರಿಗೆ ಹೇಳಿಯಾಯಿತು, ಅವರು ತುಂಬ ಬೇಸರ ಮಾಡಿಕೊಂಡರು. ಕಾರ್ಖಾನೆಯಲ್ಲಿ ಕೆಲಸ ಸಿಗುವ ಹಾಗಿದೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಸೊಪ್ಪಿಗೆ ಹಾಕಲು ಹೊಗೆಯಲ್ಲಿ ಒಣಗಿಸಿದ ಮಾಂಸದ ಪೊಟ್ಟಣ ಬೇರೆಯಾಗಿ ಕಳಿಸಿದ್ದೇನೆ. ಸೊಸೆಗೆ ತೋರಿಸಬೇಡಿ.

ನಿಮ್ಮ
ವರ್ನೆಲ್

* * *

ಕ್ಲೀವ್‌ಲ್ಯಾಂಡ್
8 ಆಗಸ್ಟ್ 1997

ನನ್ನ ಮಗಳು ವರ್ನೆಲ್‌ಗೆ,

ಇದನ್ನು ರೂಬೆನ್ ತುರ್ತು ಅಂಚೆಯಲ್ಲಿ ಹಾಕುತ್ತಾನೆ. ಫೋನಿನಲ್ಲಿ ಹೇಳು ಎಂದ. ಫೋನಿನಲ್ಲಾದರೆ ನಾನು ಮಳೆಯ ಮಾತಾಡಿ ಇಟ್ಟುಬಿಡುತ್ತೇನೆ ಎಂದು ನನಗೆ ಗೊತ್ತು.

ನಾನು ಆ ದಿನ ಬಟ್ಟೆಯಲ್ಲಿ ಉಚ್ಚೆ ಹೊಯ್ದುಕೊಂಡೆ. ನೋಡು, ಬರೆದೆ. ಪೆನ್ನು ಮುರಿಯಲಿಲ್ಲ. ಜುಲೈ ತಿಂಗಳಿಡೀ ಈ ಒಂದು ಸಾಲು ಬರೆಯಲು ಕೂತು ಕೂತು ಏಳುತ್ತಿದ್ದೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಕೇಳು. ನಿನ್ನನ್ನು ಅವನ ಕಾರಿನ ಹತ್ತಿರ ನಿಲ್ಲಿಸಿ ಆ ಹುಡುಗ ನಮ್ಮ ಬಾಗಿಲಿಗೆ ಬಂದಿದ್ದ. ನಾನು ಅವನನ್ನು ಬೇಡಿಕೊಂಡೆ. "ಮಗಾ, ನಂಗೆ ಹೋಗ್ಲೇಬೇಕು. ಆ ಪೈನ್ ಮರದ ಹಿಂದೆ ಆದ್ರೂ ಸರಿ" ಎಂದೆ. ಅವನು ಬಾಗಿಲಿಗೆ ಕೈಯೂರಿ ನಿಂತು, "ನನ್ನನ್ನ ಯಾಕೆ ಕೇಳ್ತೀರಾ ಅಜ್ಜಿ? ನಿಮ್ ಡ್ರೈವರಮ್ಮನ್ನ ಕೇಳಿ. ಅವಳು ಹೂಂ ಅಂದ್ರೆ ಈಗ್ಲೇ ಹೋಗ್ಬಹುದು" ಎಂದ. ಅದಕ್ಕೇ ನಾನು ಕಿಟಕಿಯಿಂದ ನಿನ್ನನ್ನು ಕೂಗಿದ್ದು. ಹೆದರಿ ಅಲ್ಲ ಮಗಳೇ, ತಡೆಯಲಾಗದೆ. ನೀನು ತಲೆಯಾಡಿಸಿ ಬೇಡವೆಂದೆ. ಆ ಕ್ಷಣ ನಿನ್ನ ಮೇಲೆ ಎಂಥ ಕೋಪ ಬಂತೆಂದರೆ, ನನ್ನ ಬಾಯಲ್ಲಿ ಬರಬಾರದ ಮಾತು ಬಂತು. ಲರ್ಲೀನ್ ಕೇಳಿಸಿಕೊಂಡಿದ್ದಾಳೆ, ಕೇಳು ಬೇಕಾದರೆ. ಆಮೇಲೆ ನಾನು ಇಳಿದೆ. ಅವನು "ಒಳಗೆ ಕೂತ್ಕೋ" ಎಂದು ಗದರಿದ. ಅಲ್ಲೇ ಆಗಿಹೋಯಿತು. ಅವನು ನೋಡಿದ, ಮುಖ ಆ ಕಡೆ ತಿರುಗಿಸಿದ. ನಾನು ಯಾಕೆ ಇಳಿದೆ ಎಂದು ನನ್ನಷ್ಟೇ ಚೆನ್ನಾಗಿ ಅವನಿಗೂ ಗೊತ್ತು.

ನಾನು ನಾಚಿಕೊಂಡಿದ್ದು ಬಟ್ಟೆಗೆ ಮಾತ್ರ ಅಲ್ಲ. ಆ ಪೋರನ ಮುಂದೆ ಬೇಡಿದೆನಲ್ಲ, ಅದಕ್ಕೆ. ನೆಲಮಾಳಿಗೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ಬೇಡ ಎನ್ನುವ ಹೊತ್ತಿಗೆ ನಿನ್ನನ್ನು ಒಬ್ಬಳನ್ನೇ ಬಿಟ್ಟೆನಲ್ಲ, ಅದಕ್ಕೆ. ನಿನ್ನ ಮುಖ ನೋಡಲಾಗದೆ ಇಷ್ಟು ದೂರ ಬಂದೆ. ನೀನು ನಾನು ಕೋಪಿಸಿಕೊಂಡಿದ್ದೇನೆ ಎಂದುಕೊಂಡೆ. ಹಾಗೆ ತಿಳಿಯಲಿ ಎಂದು ಬಿಟ್ಟೆ. ಕೋಪ ಎಂದರೆ ಸ್ವಲ್ಪ ಮರ್ಯಾದೆಯಾದರೂ ಇರುತ್ತದೆ.

ಇನ್ನು ಪೆಟ್ರೋಲ್ ಬಂಕು. ನೀನು ಇನ್ನೊಂದು ಸಲ ಕೇಳಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ನನ್ನ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕಾರಿನಲ್ಲಿ ಹೋಗುವಾಗ ಸೀಟಿನ ಕೆಳಗೆ ಒಂದು ಹಳೆಯ ಕಾಫಿ ಡಬ್ಬ ಇರುತ್ತಿತ್ತು. ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದರು, ಕಕ್ಕಸಿನ ಬಾಗಿಲು ಮಾತ್ರ ಕರಿಯರಾದ ನಮಗೆ ತೆರೆಯುತ್ತಿರಲಿಲ್ಲ. ಕೇಳಿ ಇಲ್ಲವೆನಿಸಿಕೊಳ್ಳುವುದಕ್ಕಿಂತ ಕೇಳದೇ ಇರುವುದನ್ನು ಕಲಿತೆವು. ಆ ಬಾಗಿಲುಗಳು ತೆರೆದು ಎಷ್ಟೋ ಕಾಲವಾಯಿತು. ನಾನು ಇನ್ನೂ ತಡೆದುಕೊಂಡೇ ಕೂತಿದ್ದೇನೆ. ಅದು ನಿನ್ನ ತಪ್ಪಲ್ಲ.

ನಿನ್ನ ಹಿಂದಿನ ಕಾಗದ ಓದಿ ಮೂರು ಹೊತ್ತು ಅನ್ನ ಸೇರಲಿಲ್ಲ. ನೀನು ಓಡಿಹೋಗಿ ಡಿಕ್ಕಿ ತೆರೆದದ್ದು. ನಕ್ಕದ್ದು. ಆ ನಗು ನನಗೆ ಗೊತ್ತು ಮಗಳೇ, ನನ್ನ ತಾಯಿ ನಗುತ್ತಿದ್ದಳು, ನಾನೂ ನಕ್ಕಿದ್ದೇನೆ. ನಿನ್ನ ಮುಖದಲ್ಲಿ ಅದು ಇರಬಾರದು. ನಾನು ಸುಮ್ಮನಿದ್ದುದರಿಂದ ಅದು ನಿನಗೆ ಬಂತು ಎಂದರೆ ನಾನು ಹೇಗೆ ಸಾಯಲಿ?

ಲರ್ಲೀನಿಗೆ ಫೋನ್ ಮಾಡಿದೆ. "ನನ್ ಮಾನ ಕಾಯೋ ಕೆಲ್ಸ ಇಷ್ಟು ದಿನ ಮಾಡಿದ್ದು ಸಾಕು ಕಣೇ, ಗುರುವಾರ ಟೋಪಿ ಹಾಕ್ಕೊಂಡು ಕೋರ್ಟಿಗೆ ಬಾ" ಎಂದೆ. ಅತ್ತಳು. ಆಮೇಲೆ, "ಯಾವ ಟೋಪಿ?" ಎಂದಳು. ಕ್ಲೋಟಿಯನ್ನೂ ಕರೆತರುತ್ತಾಳೆ. ಪೈ ಬಗ್ಗೆ ನ್ಯಾಯಾಧೀಶರ ಮುಂದೆ ಹೇಳುವುದು ಅವಳಿಗೂ ಇದೆಯಂತೆ. ವಕೀಲರಿಗೆ ರೂಬೆನ್ ಹೇಳಿಯಾಗಿದೆ. ನೀನು ಯಾವ ತಪ್ಪನ್ನೂ ಒಪ್ಪಿಕೊಳ್ಳಬೇಡ. ಒಪ್ಪಿಕೊಂಡರೆ ನಾನು ಕೋಲು ಹಿಡಿದೇ ಬರುತ್ತಿದ್ದೇನೆ, ನೆನಪಿಟ್ಟುಕೋ.

ಆ ಬಿಳಿ ಉಡುಪನ್ನು ಸಿದ್ಧವಾಗಿಡು. ಕೋರ್ಟಿಗೆ ಅದನ್ನೇ ತೊಟ್ಟು ಬರುತ್ತೇನೆ. ಅವರು ಕೇಳಿದ್ದಕ್ಕೆಲ್ಲ, ಭಾನುವಾರ ಚರ್ಚಿನ ಪ್ರಕಟಣೆ ಓದುವ ದನಿಯಲ್ಲಿ, ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳುತ್ತೇನೆ.

ಮಂಗಳವಾರ ಮಧ್ಯಾಹ್ನ ನಾನಿರುವ ಬಸ್ಸು ಬರುತ್ತದೆ. ನೀನೇ ಬಂದು ಕರೆದುಕೊಂಡು ಹೋಗು, ಗಂಡನನ್ನು ಕಳಿಸಬೇಡ. ಸುತ್ತು ದಾರಿ ಬೇಡ, ಆ ಹೆದ್ದಾರಿಯಲ್ಲೇ ಹೋಗೋಣ. ಆ ಹುಡುಗ ನಿಲ್ಲಿಸಿ ಇನ್ನೊಂದೇ ಮಾತು ಎಂದರೆ ಆ ವಾಕ್ಯ ಹೇಳು. ನಾನೂ ನಿನ್ನ ಜೊತೆ ಹೇಳುತ್ತೇನೆ, ಜೋರಾಗಿ. ನಾಯಿ ಬರಲಿ, ನಾಯಿಯ ಅಪ್ಪ ಬರಲಿ, ಎಷ್ಟು ಹೊತ್ತು ಬೇಕಾದರೂ ಕಾಯಿಸಲಿ.

ಮೊದಲು ಸಿಗುವ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸು. ನಾನು ಇಳಿದು ಹೋಗಿ ಬರುತ್ತೇನೆ.

ನಿನ್ನ ಮದರ್